ಕುಡಿಯದ ಮಾವನ ಲಿವರ್

ಇವತ್ತು ರಾಜಕೀಯ ಬೇಡ. ಇವತ್ತು ಒಂದೇ ಒಂದು ಪ್ರಶ್ನೆಯ ಇತಿಹಾಸ ಹೇಳ್ತೀನಿ. ಪ್ರಶ್ನೆ ಇಷ್ಟೇ: "ಎಷ್ಟು ವರ್ಷದಿಂದ ಕುಡಿತಾರೆ?"

ಈ ಪ್ರಶ್ನೆಯನ್ನು ಒಂದು ಆಸ್ಪತ್ರೆಯ ತುರ್ತು ಘಟಕದಲ್ಲಿ, ರಾತ್ರಿ ಎರಡೂವರೆಗೆ, ಒಬ್ಬ ಯುವ ವೈದ್ಯರು ನನ್ನ ಸೋದರಮಾವನ ಹೆಂಡತಿಗೆ ಕೇಳಿದರು. ಮಾವ ಅಷ್ಟರಲ್ಲಿ ಎರಡು ಸಲ ರಕ್ತ ವಾಂತಿ ಮಾಡಿದ್ದರು. ಅತ್ತೆಯ ಸೀರೆಯ ಮೇಲೆಲ್ಲ ಅದೇ. ಅತ್ತೆ ಹೇಳಿದ್ದು ಒಂದೇ ಮಾತು: "ಡಾಕ್ಟ್ರೇ, ನನ್ನ ಗಂಡ ಬೊಂಡ ಬಿಟ್ಟು ಬೇರೆ ಎಂತದೂ ಕುಡಿದವರಲ್ಲ."

ವೈದ್ಯರು ತಲೆ ಎತ್ತಲಿಲ್ಲ. ಏನೋ ಬರೆದುಕೊಂಡರು. ಅವರು ಏನು ಬರೆದರೋ ಗೊತ್ತಿಲ್ಲ, ಆದರೆ ನಂಬಲಿಲ್ಲ ಅನ್ನುವುದು ಮುಖದಲ್ಲೇ ಗೊತ್ತಾಗುತ್ತಿತ್ತು. ಹನ್ನೊಂದು ದಿನ ಕಳೆದು ಮಾವ ತೀರಿಕೊಂಡರು. ಕಾಪುವಿನ ಮನೆಯಲ್ಲಿ ಉತ್ತರಕ್ರಿಯೆಯ ದಿನ ಊಟದ ಪಂಕ್ತಿಯಲ್ಲಿ ನನ್ನ ಹಿಂದೆ ಕುಳಿತಿದ್ದವರೊಬ್ಬರು ಪಕ್ಕದವರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಲಿವರ್ ಹೋದದ್ದಂತೆ ಮಾರಾಯ. ಕದ್ದು ಹಾಕ್ತಿದ್ರೋ ಏನೋ."

ಅಳಿಯಸಂತಾನದ ಊರಿನವನು ನಾನು. ನಮ್ಮಲ್ಲಿ ಸೋದರಮಾವ ಅಂದರೆ ತಂದೆಗಿಂತ ಒಂದು ಮೆಟ್ಟಿಲು ಮೇಲೆ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಆದರೆ ಸಿಟ್ಟು ಮಾಡಿಕೊಳ್ಳುವ ಮೊದಲು ಒಂದು ತಪ್ಪೊಪ್ಪಿಗೆ. ಯಾರೋ ಗಣ್ಯರಿಗೆ ಲಿವರ್ ತೊಂದರೆ ಎಂದು ಸುದ್ದಿ ಬಂದಾಗಲೆಲ್ಲ ತೆರೆಯ ಮೇಲೆ ಬಾಟಲಿ, ಗ್ಲಾಸಿನ ಚಿತ್ರ ಹಾಕಿಸಿದವನು ನಾನೇ. ಲಿವರ್ ಅಂದರೆ ಬಾಟಲಿ. ಇದು ನಮಗೆ ಎಲ್ಲಿಂದ ಬಂತು?

ಇನ್ನೂರ ಮೂವತ್ತು ವರ್ಷ ಹಿಂದೆ ಹೋಗೋಣ. ಲಂಡನ್ನಿನಲ್ಲಿ ಮ್ಯಾಥ್ಯೂ ಬೈಲಿ ಎಂಬ ವೈದ್ಯರಿದ್ದರು. ಸತ್ತವರ ದೇಹ ಕೊಯ್ದು, ಒಳಗಿನ ಅಂಗಗಳು ಕಾಯಿಲೆಯಿಂದ ಹೇಗೆ ಕೆಡುತ್ತವೆ ಎಂದು ಬರೆದಿಟ್ಟವರು. 1793ರಲ್ಲಿ ಅವರ ಪುಸ್ತಕ ಬಂತು. ಗಟ್ಟಿಯಾಗಿ, ಗಂಟುಗಂಟಾಗಿ ಹೋದ ಲಿವರನ್ನು ವಿವರಿಸಿ, ಇದು ದೀರ್ಘಕಾಲ ಮದ್ಯ ಕುಡಿಯುವವರಲ್ಲಿ ಕಾಣುತ್ತದೆ ಎಂದು ಅವರು ದಾಖಲಿಸಿದರು. ಜಿನ್ ಎಂಬ ಅಗ್ಗದ ಮದ್ಯ ಲಂಡನ್ನಿನ ಬಡವರನ್ನು ನುಂಗಿದ ಶತಮಾನ ಅದು. ಬೈಲಿ ಕಂಡದ್ದು ಸುಳ್ಳಲ್ಲ. ಆದರೆ ಅವರು ಕಂಡದ್ದು ಪೂರ್ತಿಯೂ ಅಲ್ಲ.

ಹೆಸರು ಕೊಟ್ಟವರು ಇನ್ನೊಬ್ಬರು. ಫ್ರಾನ್ಸಿನ ರೆನೆ ಲೆನೆಕ್. ಹೌದು, 1816ರಲ್ಲಿ ಸ್ಟೆತೊಸ್ಕೋಪ್ ಕಂಡುಹಿಡಿದ ಅದೇ ಲೆನೆಕ್. 1819ರ ತಮ್ಮ ಪುಸ್ತಕದ ಒಂದು ಅಡಿಟಿಪ್ಪಣಿಯಲ್ಲಿ ಅವರು ಈ ಕಾಯಿಲೆಗೆ 'ಸಿರೋಸಿಸ್' ಎಂದು ಕರೆದರು. ಗ್ರೀಕ್ ಭಾಷೆಯ 'ಕಿರೋಸ್' ಎಂಬ ಪದದಿಂದ ಬಂದದ್ದು. ಅರ್ಥ ಏನು ಗೊತ್ತಾ? ಕಂದು ಹಳದಿ ಬಣ್ಣ. ಅಷ್ಟೇ. ಲಿವರಿನ ಮೇಲಿದ್ದ ಗಂಟುಗಳ ಬಣ್ಣ ನೋಡಿ ಇಟ್ಟ ಹೆಸರು. ಅದರಲ್ಲಿ ಮದ್ಯವೂ ಇಲ್ಲ, ಪಾಪವೂ ಇಲ್ಲ.

ಅದಾಗಿ ಎಂಟು ವರ್ಷಕ್ಕೆ, 1827ರ ಮಾರ್ಚ್ 26ರಂದು ವಿಯೆನ್ನಾದಲ್ಲಿ ಸಂಗೀತಗಾರ ಬೀಥೋವನ್ ತೀರಿಕೊಂಡ. ವಯಸ್ಸು 56. ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ, ನಾಲ್ಕು ಸಲ ಚುಚ್ಚಿ ತೆಗೆದಿದ್ದರು. ಮರಣೋತ್ತರ ಪರೀಕ್ಷೆಯಲ್ಲಿ ಲಿವರ್ ಅರ್ಧಕ್ಕೆ ಕುಗ್ಗಿ, ಚರ್ಮದಂತೆ ಗಟ್ಟಿಯಾಗಿ, ಮೇಲೆಲ್ಲ ಕಾಳಿನ ಗಾತ್ರದ ಗಂಟುಗಳಿದ್ದವು. ಕುಡುಕ ಎಂದಿತು ಜಗತ್ತು. ಸುಮಾರು ಇನ್ನೂರು ವರ್ಷ ಹಾಗೇ ಹೇಳುತ್ತ ಬಂತು. 2023ರಲ್ಲಿ ವಿಜ್ಞಾನಿಗಳು ಅವನದೇ ಎಂದು ಖಚಿತವಾದ ಕೂದಲಿನ ಡಿಎನ್‌ಎ ಓದಿದರು. ಮದ್ಯ ಕುಡಿಯುತ್ತಿದ್ದದ್ದು ನಿಜ. ಅದರ ಜೊತೆಗೆ ಹುಟ್ಟಿನಿಂದಲೇ ಲಿವರ್ ಕಾಯಿಲೆಯ ಕಡೆಗೆ ವಾಲಿಸುವ ಜೀನುಗಳಿದ್ದವು. ಕೊನೆಗಾಲದಲ್ಲಿ ಹೆಪಟೈಟಿಸ್ ಬಿ ವೈರಸ್ ಕೂಡ ಇತ್ತು. ಒಂದು ಲಿವರಿನ ಮೇಲೆ ಮೂರು ಹೊಡೆತ. ಜಗತ್ತು ಎಣಿಸಿದ್ದು ಒಂದನ್ನು ಮಾತ್ರ.

ಅಯ್ಯೋ, ಅದು ವಿಯೆನ್ನಾ ಅನ್ನಬೇಡಿ. ನಮ್ಮ ದೇಶಕ್ಕೇ ಬನ್ನಿ. ಒಂದು ತೊಟ್ಟು ಮದ್ಯ ಮುಟ್ಟದವರಿಗೆ ಸಿರೋಸಿಸ್ ಬರ್ತದಾ ಅನ್ನುವವರಿಗೆ ನಾನು ಕೊಡುವ ಉತ್ತರ: ಎರಡು ವರ್ಷದ ಮಕ್ಕಳು.

1887ರಲ್ಲಿ ಕಲ್ಕತ್ತದಿಂದ ಒಂದು ವೈದ್ಯಕೀಯ ವರದಿ ಬಂತು. ಹಾಲುಗಲ್ಲದ ಮಕ್ಕಳ ಹೊಟ್ಟೆ ಉಬ್ಬುತ್ತದೆ, ಲಿವರ್ ಗಟ್ಟಿಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ, ಮಗು ಉಳಿಯುವುದಿಲ್ಲ. ಮುಂದೆ ಇದಕ್ಕೆ 'ಭಾರತೀಯ ಬಾಲ ಸಿರೋಸಿಸ್' ಎಂದೇ ಹೆಸರಾಯಿತು. ನೂರು ವರ್ಷ ಈ ಕಾಯಿಲೆ ನಮ್ಮ ಮನೆಗಳಲ್ಲಿ ಮಕ್ಕಳನ್ನು ಕೊಂದಿತು. ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ಮಗು ಹೋದದ್ದೂ ಉಂಟು. ಶಾಪ ಅಂದರು, ದೃಷ್ಟಿ ಅಂದರು, ತಾಯಿಯ ದೋಷ ಅಂದರು.

1980ರ ದಶಕದಲ್ಲಿ ಪುಣೆಯ ಮಕ್ಕಳ ತಜ್ಞರಾದ ಶೀಲಾ ಭಾವೆ, ಆನಂದ್ ಪಂಡಿತ್ ಅವರೂ ಬ್ರಿಟನ್ನಿನ ಸ್ಟುವರ್ಟ್ ಟ್ಯಾನರ್ ಅವರೂ ಸೇರಿ ತಾಯಂದಿರನ್ನು ಕೇಳಿದರು: ಮಗುವಿಗೆ ಹಾಲು ಯಾವಾಗಿಂದ ಕೊಟ್ಟಿರಿ, ಯಾವ ಪಾತ್ರೆಯಲ್ಲಿ ಕಾಯಿಸಿದಿರಿ? ಉತ್ತರ ಅಡುಗೆಮನೆಯಲ್ಲೇ ಇತ್ತು. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿಗೆ ತಾಮ್ರ ಇಳಿಯುತ್ತದೆ. ಎಳೆಯ ಲಿವರ್ ಅದನ್ನು ಹೊರಹಾಕಲಾರದೆ ತುಂಬಿಕೊಳ್ಳುತ್ತದೆ. ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು ನೆನಪಿದ್ದಾರಾ? ಆ ತವರದ ತೆಳು ಲೇಪ ಸವೆದು ಹೋದ ಪಾತ್ರೆಯೇ ಅಪಾಯ. ತಾಮ್ರ ಒಂದೇ ಕಾರಣವೋ, ಜೊತೆಗೆ ಇನ್ನೇನಾದರೂ ಇತ್ತೋ ಎಂದು ತಜ್ಞರು ಚರ್ಚಿಸಿದರು. ಆದರೆ ಹಾಲು ಸ್ಟೀಲ್ ಪಾತ್ರೆಗೆ ಬಂದ ಮೇಲೆ ಈ ಕಾಯಿಲೆ ಹೆಚ್ಚುಕಡಿಮೆ ಮಾಯವೇ ಆಯಿತು. ಇವತ್ತಿನ ಎಷ್ಟೋ ಯುವ ವೈದ್ಯರು ಒಂದು ಕೇಸೂ ನೋಡಿರುವುದಿಲ್ಲ. ಈಗ ಹೇಳಿ ಸ್ವಾಮಿ, ಆ ಮಕ್ಕಳು ಎಷ್ಟು ವರ್ಷದಿಂದ ಕುಡಿತಿದ್ದವು?

ಪಾತ್ರೆಯ ಕಥೆ ಮುಗಿಯಿತು, ವೈರಸ್ಸಿನ ಕಥೆಗೆ ಬರೋಣ. 1960ರ ದಶಕದಲ್ಲಿ ಅಮೆರಿಕದ ಬರೂಕ್ ಬ್ಲಂಬರ್ಗ್ ಅವರ ತಂಡ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಒಂದು ವಿಚಿತ್ರ ಪ್ರೋಟೀನ್ ಕಂಡಿತು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ. ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಹೆಪಟೈಟಿಸ್ ಸಿ ವೈರಸ್ ಪತ್ತೆಯಾದದ್ದು 1989ರಲ್ಲಿ, ಅದರ ನೊಬೆಲ್ ಬಂದದ್ದು 2020ರಲ್ಲಿ. ಈ ಎರಡೂ ವೈರಸ್‌ಗಳು ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಲಿವರ್ ತಿನ್ನುತ್ತವೆ. ರಕ್ತದಿಂದ, ಸೂಜಿಯಿಂದ, ತಾಯಿಯಿಂದ ಮಗುವಿಗೆ, ಲೈಂಗಿಕ ಸಂಪರ್ಕದಿಂದ ಬರುತ್ತವೆ. ಜೊತೆಗೆ ಕೂತು ಉಂಡರೆ ಬರುವುದಿಲ್ಲ.

ನಮ್ಮ ಕರಾವಳಿಯವರಿಗೆ ಇದರ ಪರಿಚಯ ಬೇರೆಯೇ ಬಾಗಿಲಿನಿಂದ ಆಗುತ್ತದೆ. ಗಲ್ಫ್ ಮೆಡಿಕಲ್! ಕಾಪು, ಉಡುಪಿ, ಕಾರ್ಕಳದಲ್ಲಿ ಗಲ್ಫಿಗೆ ಹೋದವರಿಲ್ಲದ ಬೀದಿ ಹುಡುಕುವುದು ಕಷ್ಟ. ವೀಸಾಕ್ಕೆ ಮೊದಲು ರಕ್ತಪರೀಕ್ಷೆ. ಹೆಪಟೈಟಿಸ್ ಬಿ ಅಥವಾ ಸಿ ಕಂಡರೆ 'ಅನ್‌ಫಿಟ್'. ಹುಡುಗ ಏನು ಮಾಡುತ್ತಾನೆ? ರಿಪೋರ್ಟು ಕಪಾಟಿನ ಅಡಿಗೆ ಹಾಕುತ್ತಾನೆ. ವೀಸಾ ಹೋಯಿತು ಎಂದು ಅಳುತ್ತಾನೆ. ಆದರೆ ಆ ಕಾಗದ ಹೇಳುತ್ತಿದ್ದದ್ದು ವೀಸಾದ ವಿಷಯ ಅಲ್ಲ, ಲಿವರಿನ ವಿಷಯ. ಸಿ ವೈರಸ್ಸಿಗೆ ಈಗ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆ, ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಬಿ ವೈರಸ್ಸನ್ನು ಹಿಡಿತದಲ್ಲಿಡುವ ಮಾತ್ರೆ ಇದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಮದ್ದು ಎರಡೂ ಉಚಿತ. ಕಪಾಟಿನಲ್ಲಿ ಅಂಥ ಕಾಗದ ಇದ್ದವರು ದಯವಿಟ್ಟು ಇವತ್ತೇ ಹೊರಗೆ ತೆಗೆಯಿರಿ.

ನಮ್ಮ ಕಡೆ ಇನ್ನೊಂದು ಬಾಗಿಲೂ ಉಂಟು, ಕಾಮಾಲೆ ಮದ್ದು. ಕಣ್ಣು ಹಳದಿಯಾದರೆ ನೆಲನೆಲ್ಲಿ ಅರೆದು ಕೊಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಇದನ್ನು ನಾನು ತಮಾಷೆ ಮಾಡಲಾರೆ, ವಿಜ್ಞಾನವೂ ಮಾಡಲಿಲ್ಲ. 1988ರಲ್ಲಿ ಮದ್ರಾಸಿನ ವಿಜ್ಞಾನಿಗಳು, ಇದೇ ನೊಬೆಲ್ ಬ್ಲಂಬರ್ಗ್ ಅವರನ್ನೂ ಜೊತೆಗೆ ಸೇರಿಸಿಕೊಂಡು, ನೆಲನೆಲ್ಲಿಯ ಪ್ರಯೋಗದ ವರದಿಯನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಪಟೈಟಿಸ್ ಬಿ ಇದ್ದ 37 ಜನರಿಗೆ ಕೊಟ್ಟಾಗ 22 ಜನರ ರಕ್ತದಿಂದ ವೈರಸ್ಸಿನ ಗುರುತು ಹೋಯಿತು ಎಂದರು. ಜಗತ್ತೇ ತಿರುಗಿ ನೋಡಿತು. ಬೇರೆ ದೇಶಗಳಲ್ಲಿ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಮತ್ತೆ ಊರಿನಲ್ಲಿ ಕಾಮಾಲೆ ವಾಸಿಯಾಗುವುದು ಹೇಗೆ? ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮದ್ದಿಗೆ ಬರುತ್ತದೆ. ಅಪಾಯ ಇರುವುದು ಇಲ್ಲಿ: ಸಿರೋಸಿಸ್ ಇದ್ದವನ ಕಣ್ಣು ಹಳದಿಯಾದರೂ ಜನ ಅದೇ ಅಂಗಳದಲ್ಲಿ ಸಾಲು ನಿಲ್ಲುತ್ತಾರೆ. ಪಥ್ಯ ಎಂದು ಮೀನು, ಮೊಟ್ಟೆ, ಬೇಳೆ ಬಿಟ್ಟು ಬರೀ ಗಂಜಿ ಕುಡಿಯುತ್ತಾರೆ. ಸಿರೋಸಿಸ್ ಮೊದಲೇ ಮಾಂಸಖಂಡ ತಿನ್ನುವ ಕಾಯಿಲೆ. ಅದಕ್ಕೆ ಇನ್ನಷ್ಟು ಉಪವಾಸ!

ಹಾಗಾದರೆ ಮಾವನಿಗೆ ಏನಾಗಿತ್ತು? ವೈರಸ್ ಇರಲಿಲ್ಲ. ಮದ್ಯ ಇರಲಿಲ್ಲ. ಹದಿನೈದು ವರ್ಷದ ಸಕ್ಕರೆ ಕಾಯಿಲೆ ಇತ್ತು, ಹೊಟ್ಟೆಯ ಸುತ್ತ ಬೊಜ್ಜು ಇತ್ತು. ಇದಕ್ಕೂ ಇತಿಹಾಸ ಇದೆ. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಯೂರ್ಗನ್ ಲುಡ್ವಿಗ್ 20 ರೋಗಿಗಳ ವರದಿ ಬರೆದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಥೇಟ್ ಕುಡುಕರ ಲಿವರ್. ಆದರೆ ರೋಗಿಗಳು ಕುಡಿಯುವವರಲ್ಲ. ಹೆಚ್ಚಿನವರು ದಪ್ಪಗಿದ್ದವರು, ಹಲವರಿಗೆ ಸಕ್ಕರೆ ಕಾಯಿಲೆ. ಇದು ಇನ್ನೂ ಹೆಸರಿಡದ ಕಾಯಿಲೆ ಎಂದು ಹೇಳಿ ಅವರೇ ಒಂದು ಹೆಸರಿಟ್ಟರು. ಅಂದರೆ ಅದುವರೆಗೆ ಇಂಥ ಎಷ್ಟು ಜನರನ್ನು ಸುಳ್ಳುಗಾರರು ಅಂದುಕೊಂಡಿರಬಹುದು, ಯೋಚಿಸಿ. 2021ರಲ್ಲಿ ಕೇಂದ್ರ ಸರಕಾರ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್ ಇರುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. 2023ರಲ್ಲಿ ಜಗತ್ತಿನ ಲಿವರ್ ತಜ್ಞರು ಸೇರಿ ಕಾಯಿಲೆಯ ಹೆಸರನ್ನೇ ಬದಲಿಸಿದರು. ಹಳೆಯ ಹೆಸರಿನಲ್ಲಿದ್ದ 'ಮದ್ಯ', 'ಕೊಬ್ಬು' ಎಂಬ ಮಾತುಗಳು ರೋಗಿಯ ಮಾನ ಕಳೆಯುತ್ತವೆ ಎನ್ನುವುದು ಅದಕ್ಕೊಂದು ಕಾರಣ. ನಮ್ಮ ಕಾಪುವಿನ ಪಂಕ್ತಿಯಲ್ಲಿ ಕೇಳಿದ ಪಿಸುಮಾತು ಜಗತ್ತಿನ ಎಲ್ಲ ಕಡೆ ಇತ್ತು ಅಂತಾಯಿತು.

ಈಗ ಮುಖ್ಯ ವಿಷಯ. ನಾನು ಡಾಕ್ಟರ್ ಅಲ್ಲ, ಎಂಜಿನಿಯರಿಂಗ್ ಓದಿದವನು. ಹಾಗಾಗಿ ನನಗೆ ಅರ್ಥವಾದ ರೀತಿಯಲ್ಲಿ ಹೇಳ್ತೀನಿ.

ಲಿವರ್ ಸುಮಾರು ಒಂದೂವರೆ ಕಿಲೋ ತೂಕದ ಒಂದು ಫಿಲ್ಟರ್. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಅದರೊಳಗೆ ಹರಿಯುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕರುಳಿನಿಂದ ಪೋರ್ಟಲ್ ಎಂಬ ರಕ್ತನಾಳದ ಮೂಲಕ ಬರುತ್ತದೆ. ಈ ಫಿಲ್ಟರಿಗೆ ದೊಡ್ಡ ಮೀಸಲು ಇದೆ. ಮೂರನೇ ಎರಡು ಭಾಗ ಕತ್ತರಿಸಿದರೂ ಆರೋಗ್ಯವಂತ ಲಿವರ್ ಮತ್ತೆ ಬೆಳೆಯುತ್ತದೆ. ಆದ್ದರಿಂದಲೇ ಅದು ಬೇಗ ದೂರು ಹೇಳುವುದಿಲ್ಲ. ಆದರೆ ವರ್ಷಗಟ್ಟಲೆ ಗಾಯವಾಗಿ, ಮಾಗಿ, ಮತ್ತೆ ಗಾಯವಾದರೆ ಒಳಗೆ ಕಲೆ ಕಟ್ಟುತ್ತದೆ. ಕ್ರಿಸ್ತಪೂರ್ವದ ಅಲೆಕ್ಸಾಂಡ್ರಿಯಾದಲ್ಲಿ ಎರಾಸಿಸ್ಟ್ರಟಸ್ ಎಂಬ ವೈದ್ಯ, ಹೊಟ್ಟೆಯಲ್ಲಿ ನೀರು ತುಂಬಿದವರ ಲಿವರ್ ಕಲ್ಲಿನಂತೆ ಗಟ್ಟಿ ಇರುತ್ತದೆ ಎಂದು ಹೇಳಿದ್ದ. 1432ರ ಬಾಹುಬಲಿಯ ಕಾರ್ಕಳದವನಿಗೆ ಕಲ್ಲಿನ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಲ್ಲಿನೊಳಗೆ ನೀರು ಹರಿಯುವುದಿಲ್ಲ. ಹಿಂದೆ ಒತ್ತಡ ಏರುತ್ತದೆ. ಒತ್ತಡ ಏರಿದರೆ ಪೈಪು ಬೇರೆ ದಾರಿ ಹುಡುಕುತ್ತದೆ. ಸಿರೋಸಿಸ್ಸಿನ ಅರ್ಧದಷ್ಟು ಲಕ್ಷಣಗಳಿಗೆ ಇದೇ ಕಾರಣ. ಇನ್ನರ್ಧಕ್ಕೆ ಕಾರಣ ಫಿಲ್ಟರ್ ಕೆಲಸ ನಿಲ್ಲಿಸುವುದು.

ಮಾವ ಖಾಸಗಿ ಬಸ್ಸುಗಳ ಟೈಂ ಕೀಪರ್ ಆಗಿದ್ದರು. ಒಂದು ನಿಮಿಷ ಆಚೀಚೆ ಆದರೆ ಎರಡು ಬಸ್ಸಿನವರು ಜಗಳಕ್ಕೆ ಬೀಳುವ ಊರಿನಲ್ಲಿ ಮೂವತ್ತು ವರ್ಷ ಗಡಿಯಾರ ನೋಡಿ ಸೀಟಿ ಊದಿದವರು. ಅವರ ದೇಹ ಕೊಟ್ಟ ಸೂಚನೆಗಳನ್ನು ನಾವು ಹೇಗೆ ತಪ್ಪಿ ಓದಿದೆವು, ಒಂದೊಂದಾಗಿ ಕೇಳಿ.

ಮೊದಲನೆಯದು ಪ್ಲೇಟ್ಲೆಟ್. ತೀರಿಕೊಳ್ಳುವ ನಾಲ್ಕು ವರ್ಷ ಮೊದಲು ಒಂದು ಮಳೆಗಾಲದಲ್ಲಿ ಜ್ವರ ಬಂತು. ಪ್ಲೇಟ್ಲೆಟ್ 90 ಸಾವಿರ. ನಮ್ಮ ಕಡೆ ಪ್ಲೇಟ್ಲೆಟ್ ಅಂದರೆ ಡೆಂಗ್ಯೂ. ಪಪ್ಪಾಯಿ ಎಲೆಯ ರಸ ಕುಡಿಸಿದೆವು. ಜ್ವರ ಬಿಟ್ಟಿತು, ಕಥೆ ಮುಗಿಯಿತು. ಆದರೆ ಪೋರ್ಟಲ್ ಒತ್ತಡ ಏರಿದಾಗ ಗುಲ್ಮ ಉಬ್ಬಿಕೊಂಡು ಪ್ಲೇಟ್ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಡೆಂಗ್ಯೂನಲ್ಲಿ ಇಳಿದದ್ದು ವಾರ ಎರಡು ವಾರದಲ್ಲಿ ಏರಲೇಬೇಕು. ಏರದಿದ್ದರೆ ಹೊಟ್ಟೆಯ ಸ್ಕ್ಯಾನ್ ಆಗಬೇಕು. ನಾವು ಮತ್ತೆ ಎಣಿಸಲೇ ಇಲ್ಲ.

ಎರಡನೆಯದು ಕಾಲು ಊತ. "ನಿಂತೇ ಕೆಲಸ, ಕಾಲು ಬೀಗದೆ ಇರ್ತದಾ" ಅಂದೆವು. ಲಿವರ್ ಮಾಡಬೇಕಾದ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಾದರೂ ಕಾಲು ಊದುತ್ತದೆ. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತದೆ.

ಮೂರನೆಯದು ಹೊಟ್ಟೆ. "ಮಾವ ದಪ್ಪ ಆಗಿದ್ದಾರೆ" ಅಂದೆವು. ತೋಳು ಸಣಕಲಾಗುತ್ತ, ಕೆನ್ನೆ ಒಳಗೆ ಹೋಗುತ್ತ, ಹೊಟ್ಟೆ ಮಾತ್ರ ಮುಂದೆ ಬಂದರೆ ಅದು ದಪ್ಪ ಆಗುವುದಲ್ಲ, ನೀರು. ನಮ್ಮ ಹಿಂದಿನವರು ಇದನ್ನು ಜಲೋದರ ಎಂದರು. ಸುಶ್ರುತ ಸಂಹಿತೆಯಲ್ಲಿ ಹೊಟ್ಟೆ ಚುಚ್ಚಿ ನಾಳದ ಮೂಲಕ ನೀರು ತೆಗೆಯುವ ವಿಧಾನ ಇದೆ. ಎಲ್ಲವನ್ನೂ ಒಂದೇ ದಿನ ತೆಗೆಯಬಾರದು, ಆಮೇಲೆ ಬಟ್ಟೆಯಿಂದ ಹೊಟ್ಟೆ ಬಿಗಿಯಬೇಕು ಎಂಬ ಎಚ್ಚರಿಕೆಯೂ ಇದೆ. ಇವತ್ತಿನ ವೈದ್ಯರೂ ಒಮ್ಮೆಗೇ ಐದು ಲೀಟರಿಗಿಂತ ಹೆಚ್ಚು ತೆಗೆದರೆ ಆಲ್ಬುಮಿನ್ ಡ್ರಿಪ್ ಕೊಡುತ್ತಾರೆ. ಕಾರಣ ಒಂದೇ, ರಕ್ತದೊತ್ತಡ ಕುಸಿಯಬಾರದು.

ನಾಲ್ಕನೆಯದು ಚರ್ಮ. ಎದೆ, ಭುಜದ ಮೇಲೆ ಸಣ್ಣ ಕೆಂಪು ಚುಕ್ಕೆ, ಅದರಿಂದ ಜೇಡದ ಕಾಲಿನಂತೆ ಗೆರೆಗಳು. ನಡುವೆ ಒತ್ತಿದರೆ ಮಾಯ, ಬಿಟ್ಟರೆ ನಡುವಿನಿಂದಲೇ ಮತ್ತೆ ತುಂಬುತ್ತದೆ. ಅಂಗೈ ಅಂಚು ಕೆಂಪು. 1954ರಲ್ಲಿ ಟೆರ್ರಿ ಎಂಬ ವೈದ್ಯರು ಸಿರೋಸಿಸ್ ರೋಗಿಗಳ ಉಗುರು ಬಿಳಿಚಿಕೊಳ್ಳುವುದನ್ನು ವರದಿ ಮಾಡಿದರು. ಗಂಡಸರಲ್ಲಿ ಎದೆ ಬೆಳೆಯಬಹುದು. ಕಾರಣವಿಲ್ಲದ ತುರಿಕೆ, ತಾಗಿದಲ್ಲೆಲ್ಲ ನೀಲಿ ಕಲೆ, ಹಲ್ಲುಜ್ಜುವಾಗ ರಕ್ತ, ಎಷ್ಟು ಮಲಗಿದರೂ ಹೋಗದ ಸುಸ್ತು. ಒಂದೊಂದನ್ನೇ ನೋಡಿದರೆ ಏನೂ ಅಲ್ಲ. ಎರಡು ಮೂರು ಒಟ್ಟಿಗೆ ಬಂದರೆ ಏನೋ ಉಂಟು.

ಐದನೆಯದು ನನ್ನನ್ನು ಇವತ್ತಿಗೂ ನಿದ್ದೆಯಿಂದ ಎಬ್ಬಿಸುತ್ತದೆ. ಗಡಿಯಾರದ ಮನುಷ್ಯ ಹಗಲು ಮಲಗತೊಡಗಿದರು, ರಾತ್ರಿ ಅಂಗಳದಲ್ಲಿ ತಿರುಗತೊಡಗಿದರು. ಲೆಕ್ಕ ತಪ್ಪತೊಡಗಿತು. ಒಂದು ದಿನ ಅಂಗಿ ತಿರುಗುಮುರುಗಾಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟರು. ನಿವೃತ್ತಿಯಾಗಿ ವರ್ಷ ಕಳೆದಿತ್ತು! ಮನೆಯವರು ಬಲಿಮೆ ನೋಡಿಸಿದರು. ದೈವದ ಅಸಮಾಧಾನ ಎಂದು ಬಂತು. ಹರಕೆ ಹೇಳಿದೆವು. ದೈವದ ಮೇಲೆ ನನಗೆ ಭಕ್ತಿ ಇದೆ, ಅದು ಬೇರೆ. ಆದರೆ ಅದು ಕರುಳಿನಲ್ಲಿ ಹುಟ್ಟಿದ ಅಮೋನಿಯಾದಂಥ ವಿಷವನ್ನು ಲಿವರ್ ತೆಗೆಯಲಾರದೆ ಮೆದುಳಿಗೆ ಬಿಟ್ಟದ್ದು. 1949ರಲ್ಲೇ ಬೋಸ್ಟನ್ನಿನ ಆಡಮ್ಸ್ ಮತ್ತು ಫೋಲಿ ಇದರ ಗುರುತು ಹೇಳಿದ್ದರು. ಎರಡೂ ಕೈ ಮುಂದೆ ಚಾಚಿ, ಪೊಲೀಸ್ ವಾಹನ ನಿಲ್ಲಿಸುವ ಹಾಗೆ ಅಂಗೈ ಮೇಲೆತ್ತಿ ಹಿಡಿಯಲು ಹೇಳಿ. ಹಕ್ಕಿ ರೆಕ್ಕೆ ಬಡಿದ ಹಾಗೆ ಕೈ ಜಾರಿ ಜಾರಿ ಬಿದ್ದರೆ ಅದೇ ಗುರುತು. ಮಲಬದ್ಧತೆ, ಸೋಂಕು, ನಿದ್ದೆ ಮಾತ್ರೆ ಇದನ್ನು ಇನ್ನೂ ಕೆಡಿಸುತ್ತವೆ. ಮದ್ದು ಇದೆ. ಎಷ್ಟೋ ಜನ ಎರಡು ಮೂರು ದಿನದಲ್ಲಿ ಮೊದಲಿನಂತೆ ಮಾತಾಡುತ್ತಾರೆ. ನಮಗೆ ಗೊತ್ತಿರಲಿಲ್ಲ.

ಕೊನೆಯದು ರಕ್ತ. ಒತ್ತಡ ತಾಳದ ರಕ್ತ ಅನ್ನನಾಳದ ತೆಳು ನಾಳಗಳ ದಾರಿ ಹಿಡಿಯುತ್ತದೆ. ಅವು ಉಬ್ಬಿ ಒಡೆಯುತ್ತವೆ. ಮಲ ಟಾರಿನಂತೆ ಕಪ್ಪಗೆ, ಅಂಟಂಟಾಗಿ ಹೋದರೆ, ರಕ್ತ ವಾಂತಿಯಾದರೆ, ಮಂಕು ಕವಿದರೆ, ಹೊಟ್ಟೆಯಲ್ಲಿ ನೀರಿದ್ದವರಿಗೆ ಜ್ವರ ಅಥವಾ ಹೊಟ್ಟೆನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮೊದಲೇ ಗೊತ್ತಿದ್ದರೆ ಎಂಡೋಸ್ಕೋಪಿಯಲ್ಲಿ ಆ ನಾಳಗಳಿಗೆ ರಬ್ಬರ್ ಬ್ಯಾಂಡ್ ಹಾಕಿ, ಒತ್ತಡ ಇಳಿಸುವ ಮಾತ್ರೆ ಕೊಟ್ಟು ಒಡೆಯದಂತೆ ನೋಡಿಕೊಳ್ಳಬಹುದು.

ಮಾವ ಹೋದ ಮೇಲೆ ಅತ್ತೆಯ ಪ್ಲಾಸ್ಟಿಕ್ ಚೀಲದಲ್ಲಿದ್ದ ಹಳೆಯ ರಿಪೋರ್ಟುಗಳನ್ನು ಮುಂದಿಟ್ಟುಕೊಂಡು ಕುಳಿತೆ. ಫಿಬ್-4 ಎಂಬ ಒಂದು ಲೆಕ್ಕ ಇದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಅದನ್ನು, ಸಾವಿರದ ಲೆಕ್ಕದ ಪ್ಲೇಟ್ಲೆಟ್ ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿ. 1.3ಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಭಯವಿಲ್ಲ. 2.67 ದಾಟಿದರೆ ಲಿವರ್ ತಜ್ಞರನ್ನು ಕಾಣಬೇಕು. ಜ್ವರದ ಹೊತ್ತಿನಲ್ಲಿ ಈ ಲೆಕ್ಕ ನಂಬಬಾರದು, 65 ದಾಟಿದವರಿಗೆ ಗಡಿ ಸ್ವಲ್ಪ ಬೇರೆ. ಜ್ವರದ ಮರುವರ್ಷ, ಸಕ್ಕರೆಯ ಪ್ಯಾಕೇಜ್ ಚೆಕಪ್ಪಿನಲ್ಲಿ ಮಾವನ ವಯಸ್ಸು 57, ಎಸ್‌ಜಿಒಟಿ 64, ಎಸ್‌ಜಿಪಿಟಿ 49, ಪ್ಲೇಟ್ಲೆಟ್ 96 ಸಾವಿರ. ಮೊಬೈಲಿನಲ್ಲಿ ಒತ್ತಿದೆ. 5.4 ಬಂತು. ಮೂರು ವರ್ಷ ಮೊದಲೇ ಕಾಗದದ ಮೇಲೆ ಇತ್ತು, ವೀಕ್ಷಕರೇ. ನಾಲ್ಕು ಸಂಖ್ಯೆಗಳು ನಾಲ್ಕು ಸಾಲಿನಲ್ಲಿದ್ದವು, ಯಾರೂ ಕೂಡಿಸಲಿಲ್ಲ. ಕುಡಿಯದವರ ಲಿವರ್ ಯಾರು ನೋಡುತ್ತಾರೆ?

ಆಸ್ಪತ್ರೆ ದೂರ ಇತ್ತಾ? ಇಲ್ಲ. ಉಡುಪಿಯಲ್ಲಿ 1923ರಲ್ಲೇ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಮಿಷನ್ ಆಸ್ಪತ್ರೆ ತೆರೆದರು. ಮಣಿಪಾಲದ ಬೋಳುಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು. ಕಾಪುವಿನಿಂದ ಮುಕ್ಕಾಲು ಗಂಟೆಯ ದಾರಿ, ಅದೂ ಮಾವನೇ ಸೀಟಿ ಊದಿ ಕಳಿಸುತ್ತಿದ್ದ ಬಸ್ಸಿನಲ್ಲಿ. ನಮ್ಮನ್ನು ತಡೆದದ್ದು ದೂರ ಅಲ್ಲ, ಬಾಟಲಿಯ ಚಿತ್ರ. ಕುಡಿಯುವವನು ನಾಚಿಕೆಯಿಂದ ಹೋಗುವುದಿಲ್ಲ. ಕುಡಿಯದವನು ತನಗೆ ಬರುವುದಿಲ್ಲ ಎಂದು ಹೋಗುವುದಿಲ್ಲ.

ಹಾಗಂತ ಮದ್ಯಕ್ಕೆ ನಾನು ಕ್ಲೀನ್ ಚಿಟ್ ಕೊಡುತ್ತಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು, ಕುಡಿತ ನಿಂತಿತಾ? "ನಾನು ಬರೀ ಬಿಯರ್" ಅನ್ನುವವರೂ ಲೆಕ್ಕ ಕೇಳಿ. 180 ಎಂಎಲ್ ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್. 650 ಎಂಎಲ್ಲಿನ ಸ್ಟ್ರಾಂಗ್ ಬಿಯರಿನಲ್ಲಿ ಸುಮಾರು 40 ಗ್ರಾಂ. ಲಿವರಿಗೆ ಬಾಟಲಿಯ ಲೇಬಲ್ ಓದಲು ಬರುವುದಿಲ್ಲ, ಗ್ರಾಂ ಮಾತ್ರ ಗೊತ್ತು. ಸಕ್ಕರೆ ಕಾಯಿಲೆಯ ಮೇಲೆ ಕುಡಿತ ಸೇರಿದರೆ ಬೀಥೋವನ್ನನ ಕಥೆಯೇ. ಆದರೆ ಎಷ್ಟೇ ತಡವಾದರೂ ಬಿಟ್ಟರೆ ಲಾಭ ಇದೆ. ಬಿಟ್ಟವರನ್ನು ನಗಬೇಡಿ, ಬಿಡಲಾರದವರನ್ನು ಬೈಯಬೇಡಿ, ಕರೆದುಕೊಂಡು ಹೋಗಿ.

ಏನು ಮಾಡಬೇಕು, ಚಿಕ್ಕದಾಗಿ. ಸಕ್ಕರೆ ಕಾಯಿಲೆ, ಬೊಜ್ಜು, ಹಳೆಯ ಹೆಪಟೈಟಿಸ್, ಕುಡಿತ, ಮನೆಯಲ್ಲಿ ಲಿವರ್ ಕಾಯಿಲೆಯ ಚರಿತ್ರೆ, ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕೇಳಿ ಫಿಬ್-4 ಲೆಕ್ಕ ಮಾಡಿಸಿ. ಎಲ್‌ಎಫ್‌ಟಿ ನಾರ್ಮಲ್ ಎಂದು ಸುಮ್ಮನಾಗಬೇಡಿ, ಸಿರೋಸಿಸ್ ಇದ್ದರೂ ಎಸ್‌ಜಿಪಿಟಿ ಸರಿಯಾಗಿಯೇ ಇರಬಹುದು. ಸಂಶಯ ಇದ್ದರೆ ಫೈಬ್ರೋಸ್ಕ್ಯಾನ್ ಎಂಬ ಪರೀಕ್ಷೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೋವಿಲ್ಲದೆ ಅಳೆಯುತ್ತದೆ. ಫ್ಯಾಟಿ ಲಿವರಿನವರು ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತು ಭಾಗ ಇಳಿಸಿದರೆ ಉರಿಯೂತ, ಕಲೆ ಎರಡೂ ಕಡಿಮೆಯಾಗಬಹುದು. ಸಿರೋಸಿಸ್ ಗೊತ್ತಾದವರು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು, ಯಾಕೆಂದರೆ ಲಿವರ್ ಕ್ಯಾನ್ಸರ್ ಆ ನೆಲದಲ್ಲೇ ಹುಟ್ಟುತ್ತದೆ. ಹೊಟ್ಟೆಯಲ್ಲಿ ನೀರಿದ್ದವರು ಒಣಮೀನು, ಉಪ್ಪಿನಕಾಯಿ, ಉಪ್ಪಿನ ಸೊಳೆ ಬಿಡಬೇಕು, ಆದರೆ ಮೀನು, ಮೊಟ್ಟೆ, ಬೇಳೆ ಬಿಡಬಾರದು. ಕೇಳದೆ ನೋವಿನ ಮಾತ್ರೆ ನುಂಗಬಾರದು.

ಕಳೆದ ತಿಂಗಳು ದುಬೈಯಿಂದ ಮಾವನ ಮಗ ಫೋನ್ ಮಾಡಿದ್ದ. ವಯಸ್ಸು 34. ಕಂಪನಿಯ ಚೆಕಪ್ಪಿನಲ್ಲಿ 'ಫ್ಯಾಟಿ ಲಿವರ್ ಗ್ರೇಡ್ ಒನ್' ಬಂದಿದೆಯಂತೆ. "ಅದೆಲ್ಲ ಈಗ ಎಲ್ಲರಿಗೂ ಇರ್ತದೆ ಬಿಡಿ ಭಾವ" ಎಂದು ನಕ್ಕ. ನಾನು ಏನಾದರೂ ಹೇಳುವ ಮೊದಲೇ ಅತ್ತೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. ಹೇಗಿದ್ದಿ, ಊಟ ಆಯ್ತಾ ಎಂದು ಕೇಳಲಿಲ್ಲ.

"ಪ್ಲೇಟ್ಲೆಟ್ ಎಷ್ಟು ಉಂಟು? ಮೊದಲು ಅದನ್ನು ಹೇಳು" ಅಂದರು.